ನಮ್ಮವರು ಯಾರಾದರೂ ಇದ್ದರೇ?

ಕಾಪುವಿನ ದೀಪಸ್ತಂಭ ಕಡಲಿನಂಚಿನ ಬಂಡೆಯೊಂದರ ಮೇಲೆ ನಿಂತಿದೆ. ೧೯೦೧ರಲ್ಲಿ ಕಟ್ಟಿದ್ದು. ಅದನ್ನು ಕಟ್ಟಿದವರು ನೋಟದ ಚೆಲುವಿಗೆಂದು ಕಟ್ಟಲಿಲ್ಲ. ಆಚೀಚೆಯ ಕಲ್ಲುಗಳಿಗೆ ಹಡಗು ಬಡಿಯಬಾರದೆಂದು ಕಟ್ಟಿದರು. ಈಗ ನಾವು ಅದರ ಬುಡದಲ್ಲಿ ಕುಳಿತು ಕಡಲೆಕಾಯಿ ಸುಲಿಯುತ್ತ ಸೂರ್ಯಾಸ್ತ ನೋಡುತ್ತೇವೆ. ಉಪಯೋಗಕ್ಕೆಂದು ಹುಟ್ಟಿದ್ದು ಆನಂದವನ್ನೂ ಕೊಟ್ಟರೆ ಅದರಲ್ಲಿ ತಪ್ಪೇನೂ ಇಲ್ಲ.

ನಾನೂ ಮಣಿಪಾಲದ ನನ್ನ ಗೆಳೆಯರೊಬ್ಬರೂ ತಿಂಗಳಿಗೊಮ್ಮೆಯಾದರೂ ಅಲ್ಲಿಗೆ ಹೋಗಿ ಕೂರುವುದುಂಟು. ಅವರು ಬ್ಯಾಂಕಿನಲ್ಲಿ ಆಯುಷ್ಯ ಸವೆಸಿ ನಿವೃತ್ತರಾದವರು, ಲೆಕ್ಕದ ಮನುಷ್ಯ. ದಿನಕ್ಕೆ ಎರಡಾಣೆಯಂತೆ ಮನೆಮನೆಯಿಂದ ಎತ್ತಿ ತಂದು ಖಾತೆಗೆ ಬರೆದುಕೊಳ್ಳುವ ಪಿಗ್ಮಿ ಠೇವಣಿ ೧೯೨೮ರಲ್ಲಿ ಹುಟ್ಟಿದ್ದು ನಮ್ಮ ಈ ಉಡುಪಿಯ ಸೀಮೆಯಲ್ಲೇ ಎಂಬುದು ಅವರ ಪಾಲಿಗೆ ಕುಲದೈವದ ಕಥೆಯಿದ್ದಂತೆ. "ಎಷ್ಟೇ ಸಣ್ಣದಿರಲಿ ಮಾರಾಯ್ರೆ, ಪುಸ್ತಕದಲ್ಲಿ ಬರೆಯದೆ ಬಿಡಬಾರದು" ಎಂಬುದು ಅವರ ಧರ್ಮಸೂತ್ರ.

ಮೊನ್ನೆ ಹೀಗೆ ಕುಳಿತಿದ್ದಾಗ, ಎದುರಿಗಿದ್ದ ಅದೇ ಕಡಲಿನಲ್ಲಿ, ಆದರೆ ಬಹುದೂರದಲ್ಲಿ, ೧೯೪೨ರಲ್ಲಿ ಮುಳುಗಿದ 'ತಿಲಾವಾ' ಎಂಬ ಉಗಿಹಡಗಿನ ಕಥೆಯನ್ನು ನಾನು ಅವರಿಗೆ ಹೇಳಿದೆ. ಗಮನವಿಟ್ಟು ಕೇಳಿದರು. ೨೮೦ ಜನ ಸತ್ತರೆಂದಾಗ ನಾಲಗೆಯಲ್ಲಿ ಲೊಚಗುಟ್ಟಿದರು. ಎಲ್ಲ ಮುಗಿದ ಮೇಲೆ ಕೇಳಿದರು:

"ಎಂತ ಕಥೆ ಮಾರಾಯ್ರೆ! ಅಲ್ಲ, ಅದರಲ್ಲಿ ನಮ್ಮವರು ಯಾರಾದರೂ ಇದ್ದರಾ?"

"ಗುಜರಾತಿನವರು, ಪಂಜಾಬಿನವರು ಹೆಚ್ಚು" ಎಂದೆ.

"ಹಾಗಾ" ಎಂದರು.

ಆ 'ಹಾಗಾ' ಎಂಬುದರಲ್ಲಿ ಒಂದು ಸಣ್ಣ ನೆಮ್ಮದಿ ಇತ್ತು. ಬಾಗಿಲಿಗೆ ಬಂದ ತಂತಿ ಪಕ್ಕದ ಮನೆಯವರದೆಂದು ತಿಳಿದಾಗ ಬರುವಂಥ ನೆಮ್ಮದಿ. ಅವರನ್ನು ದೂರುವ ಅಧಿಕಾರ ನನಗಿಲ್ಲ. ಈ ಹಡಗಿನ ವಿಷಯ ಮೊದಲ ಸಲ ಓದಿದಾಗ ನಾನು ಮಾಡಿದ್ದೂ ಅದನ್ನೇ: ಸತ್ತವರ ಊರುಗಳ ಮೇಲೆ ಕಣ್ಣಾಡಿಸಿ, ನಮ್ಮ ಕಡೆಯ ಊರೊಂದು ಸಿಕ್ಕೀತೇ ಎಂದು ಹುಡುಕಿದ್ದೆ. ಸಿಗದಾಗ ನನ್ನ ಕುತೂಹಲವೂ ಅರ್ಧ ಇಳಿದುಹೋಗಿತ್ತು. ಅಂದಮೇಲೆ ಈ ಪ್ರಶ್ನೆ ನಮ್ಮಿಬ್ಬರದು ಮಾತ್ರವಲ್ಲ, ಎಲ್ಲರದೂ. ಸಾವಿನ ಸುದ್ದಿ ಕೇಳಿದೊಡನೆ ನಾವು ಮೊದಲು ಕೇಳುವ ಪ್ರಶ್ನೆ ಇದು. ಇದು ಸಹಜವೆಂಬುದರಲ್ಲಿ ಸಂದೇಹವಿಲ್ಲ. ಸಹಜವಾದುದೆಲ್ಲ ಸರಿಯೇ ಎಂಬುದು ಮಾತ್ರ ಬೇರೆ ಪ್ರಶ್ನೆ.

ಮೊದಲು ಆ ಹಡಗಿನ ಸಂಗತಿಯನ್ನು ವಾಚಕರ ಮುಂದಿಡುತ್ತೇನೆ.

ತಿಲಾವಾ ೧೯೨೪ರಲ್ಲಿ ಇಂಗ್ಲೆಂಡಿನ ಟೈನ್ ನದಿಯ ದಡದಲ್ಲಿ, ಹಾಥಾರ್ನ್ ಲೆಸ್ಲಿ ಎಂಬ ಕಂಪನಿಯ ಕಟ್ಟೆಯಲ್ಲಿ ಹುಟ್ಟಿತು. ಹತ್ತು ಸಾವಿರ ಟನ್ನಿನ ಹಡಗು. ಅದರ ಒಡೆಯರು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯವರು. ೧೮೫೬ರಲ್ಲಿ ಕಲ್ಕತ್ತೆಗೂ ಬರ್ಮಾಕ್ಕೂ ನಡುವೆ ಅಂಚೆ ಒಯ್ಯುವುದಕ್ಕೆಂದು ಹುಟ್ಟಿದ ಆ ಕಂಪನಿ ಬೆಳೆದು, ಪೂರ್ವ ಆಫ್ರಿಕದಿಂದ ಜಪಾನಿನವರೆಗೆ ಅದರ ಹೊಗೆ ಕಾಣದ ದೊಡ್ಡ ಬಂದರೇ ಇಲ್ಲವೆಂಬಂತಾಗಿತ್ತು. ಬಂಡವಾಳ ಬಿಳಿಯರದು, ಬಾವುಟ ಬಿಳಿಯರದು, ಕಪ್ತಾನನೂ ಬಿಳಿಯನೇ. ಒಲೆಗೆ ಕಲ್ಲಿದ್ದಲು ತುಂಬುವವನು, ಹಗ್ಗ ಎಳೆಯುವ ಖಲಾಸಿ, ಅಡಿಗೆಯವನು, ತಟ್ಟೆ ತೊಳೆಯುವವನು ನಮ್ಮ ದೇಶದವರು. ಅದರಲ್ಲಿ ತುಂಬಿ ಹೋಗುತ್ತಿದ್ದ ಜನವೂ ಹೆಚ್ಚಾಗಿ ನಮ್ಮ ದೇಶದವರೇ.

'ಲೈನರ್' ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಗಾಜಿನ ದೀಪಗುಚ್ಛ, ನೃತ್ಯದ ಕೋಣೆ, ಟೈಟಾನಿಕ್ಕಿನ ಮೆಟ್ಟಿಲು. ತಿಲಾವಾ ಅಂಥದಲ್ಲ. ಕ್ಯಾಬಿನ್ನುಗಳೇನೋ ಇದ್ದವು; ಆದರೆ ಹೆಚ್ಚಿನವರು ಡೆಕ್ಕಿನ ಪ್ರಯಾಣಿಕರು. ತಮ್ಮ ಹಾಸಿಗೆ ತಾವೇ ತಂದು, ತೋರಿಸಿದಷ್ಟು ಜಾಗದಲ್ಲಿ ಹಾಸಿಕೊಂಡು, ಮಕ್ಕಳನ್ನು ನಡುವೆ ಮಲಗಿಸಿ, ಟ್ರಂಕನ್ನು ತಲೆದಿಂಬಿನ ಹತ್ತಿರವಿಟ್ಟುಕೊಂಡು ದಿನಗಟ್ಟಲೆ ಸಾಗುವವರು. ನಮ್ಮ ಕರಾವಳಿಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಘಟ್ಟದ ಕೆಳಗಿನವರಿಗೆ ಮುಂಬಯಿಯ ದಾರಿ ಒಂದು ಕಾಲದಲ್ಲಿ ಕಡಲೇ ಆಗಿತ್ತು. ದಡಕ್ಕೆ ಬರಲಾರದೆ ದೂರದಲ್ಲಿ ಲಂಗರು ಹಾಕಿದ ಹಡಗಿಗೆ ದೋಣಿಯಲ್ಲಿ ಹೋಗಿ, ಅಲೆಯ ಏರಿಳಿತ ನೋಡಿಕೊಂಡು ಏಣಿ ಹಿಡಿದು, ಡೆಕ್ಕಿನ ಮೇಲೆ ಚಾಪೆ ಬಿಚ್ಚಿದ ತಲೆಮಾರು ಅದು. ಇವರ ದಾರಿ ಮುಂಬಯಿಯ ಹೋಟೆಲಿನ ಅಡಿಗೆಮನೆಯಲ್ಲಿ ಮುಗಿಯುತ್ತಿತ್ತು. ತಿಲಾವಾದವರ ದಾರಿ ಆಫ್ರಿಕದ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ. ದೂರ ಬೇರೆ, ಜಾತಕ ಒಂದೇ.

೧೯೪೨ರ ನವೆಂಬರ್ ೨೦ರಂದು ತಿಲಾವಾ ಮುಂಬಯಿಯಿಂದ ಹೊರಟಿತು. ಮೊಂಬಾಸ, ಲೊರೆಂಕೊ ಮಾರ್ಕ್ವಿಸ್ (ಈಗಿನ ಮಪುಟೊ), ಡರ್ಬನ್ನುಗಳ ಕಡೆಗೆ. ೭೩೨ ಪ್ರಯಾಣಿಕರು, ೨೨೨ ಸಿಬ್ಬಂದಿ, ನಾಲ್ವರು ತೋಪಿನವರು. ಒಟ್ಟು ೯೫೮ ಜನ. ಕೆಳಗಿನ ಉಗ್ರಾಣದಲ್ಲಿ ಆರು ಸಾವಿರ ಟನ್ನಿಗೆ ಮೀರಿದ ಸರಕು. ಅದರೊಳಗೆ ಸುಮಾರು ಅರವತ್ತು ಟನ್ ಬೆಳ್ಳಿ. ಆ ಬೆಳ್ಳಿಯನ್ನು ಕೊಂಡವರು ದಕ್ಷಿಣ ಆಫ್ರಿಕದ ಸರ್ಕಾರದವರು, ನಾಣ್ಯ ಟಂಕಿಸುವುದಕ್ಕಾಗಿ. ಬೆಳ್ಳಿ ಆಗ ಎಲ್ಲೆಡೆಯೂ ತುಟ್ಟಿ. ನಮ್ಮ ರೂಪಾಯಿಯ ಬೆಳ್ಳಿಯ ಪಾಲನ್ನೇ ೧೯೪೦ರಲ್ಲಿ ಅರ್ಧಕ್ಕೆ ಇಳಿಸಿದ್ದರು. ಮನೆಯ ಹಳೆಯ ಪೆಟ್ಟಿಗೆಯಲ್ಲಿ ಆ ಕಾಲದ ರೂಪಾಯಿ ಇದ್ದವರು ಕಲ್ಲಿನ ಮೇಲೆ ಚಿಮ್ಮಿ ನೋಡಬಹುದು. ಅದರ ಸದ್ದೇ ಹಿಂದಿನದಕ್ಕಿಂತ ಬೇರೆ.

ಕಾವಲು ಹಡಗುಗಳಿಲ್ಲದೆ ತಿಲಾವಾ ಒಂಟಿಯಾಗಿ ಸಾಗುತ್ತಿತ್ತು. ೨೩ರ ಬೆಳಗಿನ ಜಾವ, ಸುಮಾರು ಎರಡು ಗಂಟೆಯ ಹೊತ್ತಿಗೆ, ಸೇಶೆಲ್ಸ್ ದ್ವೀಪಗಳಿಂದ ಈಶಾನ್ಯಕ್ಕೆ ಒಂಬೈನೂರು ಮೈಲಿಗೂ ಆಚೆ, ಜಪಾನಿನ 'ಐ-೨೯' ಎಂಬ ಜಲಾಂತರ್ಗಾಮಿ ಬಿಟ್ಟ ಟಾರ್ಪಿಡೊ ಅದಕ್ಕೆ ಬಡಿಯಿತು. ನಿದ್ದೆಯಲ್ಲಿದ್ದವರು ಎದ್ದು ದೋಣಿಗಳ ಕಡೆಗೆ ನುಗ್ಗಿದರು. ಕತ್ತಲೆಯಲ್ಲಿ, ನೂಕುನುಗ್ಗಲಿನಲ್ಲಿ, ಹಲವರು ನೀರಿಗೆ ಬಿದ್ದರು. ಆದರೆ ಹಡಗು ಕೂಡಲೇ ಮುಳುಗಲಿಲ್ಲ. ತೇಲುತ್ತ ನಿಂತದ್ದನ್ನು ನೋಡಿ, ಇನ್ನು ಭಯವಿಲ್ಲವೆಂದು ಕೆಲವರು ದೋಣಿಯಿಂದ ಮರಳಿ ಹಡಗಿಗೆ ಹತ್ತಲು ಹೊರಟರಂತೆ. ಅಷ್ಟರಲ್ಲಿ ಎರಡನೆಯ ಟಾರ್ಪಿಡೊ ಬಂತು. ಆಮೇಲೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಡಂಕನ್ ಎಂಬ ನಿಸ್ತಂತು ಅಧಿಕಾರಿ ಕೊನೆಯವರೆಗೂ ತನ್ನ ಕುರ್ಚಿ ಬಿಡದೆ ಸಹಾಯಕ್ಕಾಗಿ ಸಂದೇಶ ಕಳಿಸುತ್ತಿದ್ದ. ಅವನು ಹಡಗಿನೊಡನೆಯೇ ಹೋದ.

ಬದುಕಿದವರು ದೋಣಿಗಳಲ್ಲಿ, ತೆಪ್ಪಗಳಲ್ಲಿ ಎರಡು ದಿನ ತೇಲಿದರು. ೨೫ರಂದು ಬ್ರಿಟಿಷ್ ಯುದ್ಧನೌಕೆ 'ಬರ್ಮಿಂಗ್‌ಹ್ಯಾಮ್' ಬಂದು ಅವರಲ್ಲಿ ಬಹುತೇಕ ಎಲ್ಲರನ್ನೂ ಎತ್ತಿಕೊಂಡಿತು. 'ಕಾರ್ಥೇಜ್' ಎಂಬ ಇನ್ನೊಂದು ಹಡಗಿಗೆ ನಾಲ್ವರು ಸಿಕ್ಕಿದರು. ೨೭ರಂದು ಬರ್ಮಿಂಗ್‌ಹ್ಯಾಮ್ ಮುಂಬಯಿಗೆ ಮರಳಿತು. ಒಂದು ವಾರದ ಹಿಂದೆ ಕೈಬೀಸಿ ಕಳಿಸಿದವರೇ ಬಂದರಿನಲ್ಲಿ ಮತ್ತೆ ನಿಂತು ಎಣಿಸಿದರೆ, ೨೮೦ ಜನ ಕಡಿಮೆ. ಅವರಲ್ಲಿ ೨೫೨ ಮಂದಿ ಪ್ರಯಾಣಿಕರು, ೨೮ ಮಂದಿ ಹಡಗಿನವರು.

ಹದಿನೆಂಟು ವರ್ಷ ಜನರನ್ನು ದಡದಿಂದ ದಡಕ್ಕೆ ಮುಟ್ಟಿಸಿದ ಹಡಗಿನ ಜೀವನ ಇಷ್ಟಕ್ಕೆ ಮುಗಿಯಿತು. ಅದರ ಕಥೆ ಮಾತ್ರ ಮುಗಿಯಲಿಲ್ಲ.

ಎಪ್ಪತ್ತೈದು ವರ್ಷಗಳ ಮೇಲೆ, ೨೦೧೭ರಲ್ಲಿ, ಇಂಗ್ಲೆಂಡಿನ ಒಂದು ಕಂಪನಿ ಸುಮಾರು ಎರಡೂವರೆ ಕಿಲೊಮೀಟರ್ ಆಳಕ್ಕೆ ಯಂತ್ರಗಳನ್ನು ಇಳಿಸಿ, ತಿಲಾವಾದ ಒಡಲಿನಿಂದ ೨೩೬೪ ಬೆಳ್ಳಿಗಟ್ಟಿಗಳನ್ನು ಮೇಲೆತ್ತಿತು. ಅವು ಸೌತಾಂಪ್ಟನ್ ಬಂದರಿಗೆ ಬಂದವು. ಬೆಳ್ಳಿ ತಮ್ಮದೆಂದು ದಕ್ಷಿಣ ಆಫ್ರಿಕ ಹೇಳಿತು. ಎತ್ತಿದ ಶ್ರಮಕ್ಕೆ ಪ್ರತಿಫಲ ಬೇಕೆಂದು ಕಂಪನಿ ಹೇಳಿತು. ಕೆಳಗಿನ ಎರಡು ನ್ಯಾಯಾಲಯಗಳು ಕಂಪನಿಯ ಪರವಾಗಿ ತೀರ್ಪಿತ್ತವು. ೨೦೨೪ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ದಕ್ಷಿಣ ಆಫ್ರಿಕದ ಪರವಾಗಿ ತೀರ್ಪಿತ್ತಿತು. ವಾದದ ತಿರುಳು ವಿಚಿತ್ರವಾದದ್ದು. ಹಡಗಿನಲ್ಲಿ ಹೋಗುತ್ತಿದ್ದಾಗ ಆ ಬೆಳ್ಳಿ 'ವ್ಯಾಪಾರದ ಉಪಯೋಗದಲ್ಲಿ' ಇತ್ತೋ ಇಲ್ಲವೋ? ಇದ್ದಿದ್ದರೆ ಒಂದು ಸರ್ಕಾರದ ಮೇಲೂ ದಾವೆ ನಡೆಯಬಹುದು, ಇಲ್ಲದಿದ್ದರೆ ಇಲ್ಲ. ಸುಮ್ಮನೆ ಉಗ್ರಾಣದಲ್ಲಿ ಕುಳಿತು ಸಾಗುತ್ತಿದ್ದ ಬೆಳ್ಳಿಯನ್ನು ವ್ಯಾಪಾರದ ಉಪಯೋಗದಲ್ಲಿತ್ತು ಎನ್ನಲಾಗದೆಂದು ಮೇಲಿನ ನ್ಯಾಯಾಲಯ ಕಂಡಿತು.

ಅಂದರೆ ೧೯೪೨ರ ಆ ರಾತ್ರಿ ಉಗ್ರಾಣದ ಕತ್ತಲೆಯಲ್ಲಿ ಬೆಳ್ಳಿ ಏನು ಮಾಡುತ್ತಿತ್ತು ಎಂಬುದನ್ನು ಒಂದು ದೇಶದ ಅತ್ಯುನ್ನತ ನ್ಯಾಯಾಧೀಶರು ಕುಳಿತು ವಿಚಾರಿಸಿದರು. ಅದರ ನೆತ್ತಿಯ ಮೇಲೆ, ಡೆಕ್ಕಿನಲ್ಲಿ ಮಲಗಿದ್ದವರು ಏನು ಮಾಡುತ್ತಿದ್ದರು ಎಂದು ವಿಚಾರಿಸುವ ಪೀಠ ಎಲ್ಲಿಯೂ ಇರಲಿಲ್ಲ.

ಇಲ್ಲಿಯವರೆಗೆ ಬಂದಾಗ ಯಾರಿಗಾದರೂ ಕೋಪ ಬರುವುದು ಸಹಜ. ನನಗೂ ಬಂದಿತ್ತು. ನನ್ನ ಗೆಳೆಯರು ಅದನ್ನು ಒಪ್ಪಲಿಲ್ಲ.

"ಅದರಲ್ಲಿ ಬೆಳ್ಳಿಯ ತಪ್ಪೆಂತ? ಬೆಳ್ಳಿಗೆ ರಸೀದಿ ಉಂಟು, ಕೊಂಡವರು ಉಂಟು, ಮಾರಿದವರು ಉಂಟು. ರಸೀದಿ ಇದ್ದದ್ದಕ್ಕೆ ವ್ಯಾಜ್ಯ ಉಂಟು. ಸತ್ತ ಮಗುವಿಗೆ ರಸೀದಿ ಯಾರು ಬರೆದುಕೊಟ್ಟಾರು? ಕೋರ್ಟಿನವರು ಅವರ ಮುಂದೆ ಬಂದ ಕಾಗದ ನೋಡ್ತಾರೆ. ಬಾರದ ಕಾಗದ ಎಲ್ಲಿಂದ ನೋಡುವುದು?"

ಮಾತು ನ್ಯಾಯವಾದದ್ದೇ. ಕಾನೂನು ಕ್ರೂರವಾಗಿರಲಿಲ್ಲ, ಅದು ತನ್ನ ಕೆಲಸ ಮಾಡಿತು, ಅಷ್ಟೇ. ಬೆಳ್ಳಿಗೆ ಅಷ್ಟು ಗಮನ ಸಿಕ್ಕಿತಲ್ಲ ಎಂಬುದು ನನ್ನ ಕೊರಗಲ್ಲ. ಅಷ್ಟೇ ಕಾಲ ಮನುಷ್ಯರನ್ನು ನೆನೆಯುವ ಕೆಲಸ ಯಾರದಾಗಿತ್ತು, ಅವರೇಕೆ ಅದನ್ನು ಮಾಡಲಿಲ್ಲ ಎಂಬುದು ನನ್ನ ಪ್ರಶ್ನೆ. ಆ ಕೆಲಸ ಲಂಡನ್ನಿನ ನ್ಯಾಯಾಧೀಶರದಲ್ಲ. ನಮ್ಮದು.

ಸತ್ತ ಖಲಾಸಿಗಳಿಗಾದರೂ ಒಂದು ನೆಲೆಯುಂಟು. ಎರಡನೆಯ ಮಹಾಯುದ್ಧದಲ್ಲಿ ಕಡಲಿನ ಹೊರತು ಬೇರೆ ಸಮಾಧಿಯಿಲ್ಲದೆ ಸತ್ತ ಸಾವಿರಾರು ಭಾರತೀಯ ನಾವಿಕರಿಗೆ ಮುಂಬಯಿಯ ನಾವಿಕರ ವಸತಿಗೃಹದಲ್ಲಿ ಸ್ಮಾರಕವಿದೆ. ಪ್ರಯಾಣಿಕರು ಯಾವ ಪಟ್ಟಿಗೆ ಸೇರಬೇಕು? ಅವರು ಸೈನಿಕರಲ್ಲ, ನಾವಿಕರಲ್ಲ, ಹುತಾತ್ಮರಲ್ಲ. ಟಿಕೆಟು ಕೊಂಡವರು, ಅಷ್ಟೇ. ತಿಲಾವಾದಲ್ಲಿ ಮಡಿದವರ ಮಕ್ಕಳು, ಮೊಮ್ಮಕ್ಕಳು ಒಬ್ಬರನ್ನೊಬ್ಬರು ಹುಡುಕಿ ಒಟ್ಟುಗೂಡಿ, ಮುಂಬಯಿಯಲ್ಲಿ ಸ್ಮರಣೆಯ ಸಭೆಯೊಂದನ್ನು ನಡೆಸಿದ್ದು ೨೦೨೨ರಲ್ಲಿ, ಎಂಬತ್ತು ವರ್ಷ ತುಂಬಿದ ಮೇಲೆ. ಅಲ್ಲಿಯವರೆಗೆ ಆ ದುಃಖ ಮನೆಯೊಳಗಿನ ದುಃಖವಾಗಿಯೇ ಉಳಿದಿತ್ತು.

ಏಕೆ ಹೀಗಾಯಿತು? ನನಗೆ ತೋರುವ ಕಾರಣ ಇದು. ಆ ಸಾವು ಯಾವ ಕಥೆಗೂ ಹೊಂದಲಿಲ್ಲ. ಬ್ರಿಟಿಷರ ಯುದ್ಧದ ಕಥೆಯಲ್ಲಿ ಅದು ಸರಕು ತುಂಬಿದ ಒಂದು ಹಡಗಿನ ನಷ್ಟ, ಅಂಥವು ನೂರಾರು. ಇನ್ನು ನಮ್ಮ ಕಥೆ? ೧೯೪೨ ಎಂದರೆ ನಮಗೆ ಕ್ವಿಟ್ ಇಂಡಿಯಾ. ಜೈಲುಗಳು ತುಂಬಿದ್ದ ಆ ತಿಂಗಳುಗಳಲ್ಲಿ, ಬ್ರಿಟಿಷ್ ಕಂಪನಿಯ ಹಡಗೊಂದು ಮುಳುಗಿದರೆ ಅದಕ್ಕಾಗಿ ಅಳುವುದು ಹೇಗೆ, ಅಳದಿರುವುದು ಹೇಗೆ?

ಇದಕ್ಕಿಂತ ಕಠಿಣವಾದ ಸಂಗತಿ ಇನ್ನೊಂದಿದೆ. ೧೯೪೩ರ ಏಪ್ರಿಲ್ ತಿಂಗಳ ಕೊನೆಯಲ್ಲಿ, ಅಂದರೆ ತಿಲಾವಾ ಮುಳುಗಿ ಐದು ತಿಂಗಳಿಗೆ, ಮಡಗಾಸ್ಕರಿನಾಚೆಯ ಉಬ್ಬರದ ಕಡಲಿನಲ್ಲಿ ಜರ್ಮನಿಯ ಜಲಾಂತರ್ಗಾಮಿಯೊಂದರಿಂದ ರಬ್ಬರಿನ ತೆಪ್ಪದಲ್ಲಿ ಇಳಿದು ಇಬ್ಬರು ಭಾರತೀಯರು ಜಪಾನಿನ ಜಲಾಂತರ್ಗಾಮಿಯೊಂದಕ್ಕೆ ಹತ್ತಿದರು. ಒಬ್ಬರು ಸುಭಾಷಚಂದ್ರ ಬೋಸರು, ಇನ್ನೊಬ್ಬರು ಅವರ ಜೊತೆಗಾರ ಆಬಿದ್ ಹಸನ್. ಈ ಸಾಹಸದ ಕಥೆಯನ್ನು ಶಾಲೆಯಲ್ಲಿ ಕೇಳಿ ನಾವು ರೋಮಾಂಚಗೊಂಡವರೇ. ಅವರನ್ನು ಹತ್ತಿಸಿಕೊಂಡು ಸುಮಾತ್ರದ ಕಡೆಗೆ ಒಯ್ದ ಆ ಜಲಾಂತರ್ಗಾಮಿ ಯಾವುದು? ಐ-೨೯. ಅದೇ.

ಇದನ್ನು ಹೇಳಿದಾಗ ನನ್ನ ಗೆಳೆಯರು ಬಹಳ ಹೊತ್ತು ಸುಮ್ಮನಿದ್ದರು. ಅವರ ಮನೆಯ ಜಗಲಿಯಲ್ಲಿ ನೇತಾಜಿಯ ಪಟವಿದೆ. ಅವರ ತಂದೆಯವರು ಹಾಕಿಸಿದ್ದು.

"ಅವರಿಗೆ ಗೊತ್ತಿರಲಿಕ್ಕಿಲ್ಲ" ಎಂದರು ಕೊನೆಗೆ.

ನೇತಾಜಿಗೆ ಗೊತ್ತಿತ್ತೇ ಇಲ್ಲವೇ ಎಂಬುದು ನನ್ನ ವಿಚಾರವಲ್ಲ. ಅವರ ಧೈರ್ಯಕ್ಕಾಗಲಿ ತ್ಯಾಗಕ್ಕಾಗಲಿ ಇದರಿಂದ ಕುಂದಿಲ್ಲ. ಕಷ್ಟವಿರುವುದು ನಮಗೆ, ದಡದಲ್ಲಿ ಕುಳಿತು ಕಥೆ ಓದುವವರಿಗೆ. ಒಂದೇ ಉಕ್ಕಿನ ಒಡಲು ನವೆಂಬರಿನಲ್ಲಿ ಇನ್ನೂರೈವತ್ತು ಭಾರತೀಯರನ್ನು ನೀರಿಗೆ ದೂಡಿತು. ಏಪ್ರಿಲ್‌ನಲ್ಲಿ ಇಬ್ಬರು ಭಾರತೀಯರನ್ನು ನೀರಿನಿಂದ ಎತ್ತಿಕೊಂಡಿತು. ಎರಡನೆಯದಕ್ಕೆ ಕೃತಜ್ಞರಾಗಿರುವವರು ಮೊದಲನೆಯದನ್ನು ಏನು ಮಾಡಬೇಕು?

ಸುಲಭದ ಉತ್ತರಗಳು ಎರಡಿವೆ. ಯುದ್ಧವೆಂದರೆ ಹಾಗೆಯೇ ಎಂಬುದು ಒಂದು. ಶತ್ರುವಿನ ಬಾವುಟ, ಮೇಲೆ ತೋಪು, ಒಳಗೆ ಸರಕು. ಜಲಾಂತರ್ಗಾಮಿಯ ಕಪ್ತಾನನಿಗೆ ಕಂಡದ್ದು ಅಷ್ಟೇ, ಅವನು ಮಾಡಿದ್ದು ಯುದ್ಧದ ರೂಢಿಯಂತೆಯೇ ಇತ್ತು ಎನ್ನಬಹುದು. ಆ ಜಲಾಂತರ್ಗಾಮಿಯ ಗತಿಯೂ ಬೇರೆಯಾಗಲಿಲ್ಲ. ೧೯೪೪ರ ಜುಲೈ ತಿಂಗಳಲ್ಲಿ ಅಮೆರಿಕದ ಇನ್ನೊಂದು ಜಲಾಂತರ್ಗಾಮಿ ಅದನ್ನು ಟಾರ್ಪಿಡೊ ಹೊಡೆದೇ ಮುಳುಗಿಸಿತು. ಒಳಗಿದ್ದವರಿಗೂ ತಾಯಂದಿರಿದ್ದರು. ಎರಡನೆಯ ಉತ್ತರ, ದೊಡ್ಡ ಗುರಿಗೆ ಸಣ್ಣ ಬಲಿಗಳು ಅನಿವಾರ್ಯ ಎಂಬುದು. ಇದು ಕೇಳುವುದಕ್ಕೆ ಗಂಭೀರವಾಗಿದೆ. ಆದರೆ ಈ ಮಾತನ್ನು ಬಲಿಯಾದವರು ಆಡಿದ್ದನ್ನು ನಾನು ಎಲ್ಲಿಯೂ ಓದಿಲ್ಲ, ಉಳಿದವರೇ ಆಡುತ್ತಾರೆ.

ಎರಡು ಉತ್ತರಗಳಲ್ಲೂ ಒಂದು ಸಾಮಾನ್ಯ ದೋಷವಿದೆ. ಎರಡೂ ಹಡಗನ್ನು ನೋಡುತ್ತವೆ, ಹಡಗಿನೊಳಗನ್ನು ನೋಡುವುದಿಲ್ಲ. ಪೆರಿಸ್ಕೋಪಿನಲ್ಲಿ ಕಾಣುವುದು ಹಡಗಿನ ಆಕಾರ ಮಾತ್ರ. ಮಲಗಿದ ಮಗು ಕಾಣುವುದಿಲ್ಲ. ಯುದ್ಧ ಸಾಗಬೇಕಾದರೆ ಹಾಗೆ ಕಾಣದಿರಲೇಬೇಕು. 'ಇದು ಯಾರ ಹಡಗು?' ಎಂಬ ಒಂದೇ ಪ್ರಶ್ನೆ ಅಲ್ಲಿ ಸಾಕಾಗುತ್ತದೆ. ಇಷ್ಟು ಯೋಚಿಸಿದ ಮೇಲೆ ನನಗೆ ಒಂದು ವಿಷಯ ಹೊಳೆದು ನಾಚಿಕೆಯಾಯಿತು. 'ಅದರಲ್ಲಿ ನಮ್ಮವರು ಯಾರಾದರೂ ಇದ್ದರೇ?' ಎಂದು ಕೇಳಿದ ನನ್ನ ಪ್ರಶ್ನೆ ಆ ಪ್ರಶ್ನೆಯ ತಂಗಿಯೇ. ಅವನು ಹೊಡೆಯುವ ಮುಂಚೆ ಕೇಳಿದ, ನಾನು ಅಳುವ ಮುಂಚೆ ಕೇಳಿದೆ. ಎರಡರ ಪರಿಣಾಮದಲ್ಲಿ ಅಜಗಜಾಂತರವಿದೆ, ಒಪ್ಪುತ್ತೇನೆ. ಆದರೆ ನೋಡುವ ಕಣ್ಣು ಒಂದೇ ಕುಟುಂಬದ್ದು.

ನಮ್ಮ ಜಿಲ್ಲೆಯ ಹಿರಿಯರು ಬೇರೆ ಬಗೆಯ ಕಣ್ಣನ್ನೂ ಬಲ್ಲವರಾಗಿದ್ದರು. ಕಾರ್ಕಳದ ಬೆಟ್ಟದ ಮೇಲೆ ೧೪೩೨ರಿಂದ ನಿಂತಿರುವ ನಲವತ್ತೆರಡು ಅಡಿಯ ಗೊಮ್ಮಟನನ್ನು ನೋಡಿ. ಆತನ ತ್ಯಾಗವನ್ನು ಎಲ್ಲರೂ ಹೊಗಳುತ್ತಾರೆ. ಆ ಕಥೆಯಲ್ಲಿ ನನಗೆ ಇನ್ನೂ ಹೆಚ್ಚು ಪ್ರಿಯವಾದದ್ದು ಹೆಸರಿಲ್ಲದ ಮಂತ್ರಿಗಳ ಮಾತು. ಭರತ ಬಾಹುಬಲಿಗಳ ಸೇನೆಗಳು ಎದುರುಬದುರಾಗಿ ನಿಂತಾಗ, ಅಣ್ಣತಮ್ಮಂದಿರ ಜಗಳಕ್ಕೆ ಇಷ್ಟು ಜನ ಏಕೆ ಸಾಯಬೇಕೆಂದು ಅವರು ತಡೆದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ನೀವಿಬ್ಬರೇ ಹೋರಾಡಿ ತೀರ್ಮಾನ ಮಾಡಿಕೊಳ್ಳಿ ಎಂದರು. ಜಲಯುದ್ಧವೆಂದರೆ ಒಬ್ಬರ ಮುಖಕ್ಕೆ ಒಬ್ಬರು ನೀರೆರಚುವುದು. ಮಕ್ಕಳಾಟವೆಂದು ನಗಬಹುದು. ನಮ್ಮ ಶತಮಾನ ಕಂಡ ಜಲಯುದ್ಧವನ್ನು ನೆನೆದರೆ ನಗು ನಿಲ್ಲುತ್ತದೆ. ಆ ಮಂತ್ರಿಗಳು ಸೇನೆಯೆಂಬ ಆಕಾರವನ್ನು ನೋಡಲಿಲ್ಲ, ಒಳಗಿದ್ದ ಜನರನ್ನು ನೋಡಿದರು.

ಉಡುಪಿಯ ಕೃಷ್ಣನ ಐತಿಹ್ಯವೂ ಒಂದು ಹಡಗಿನ ಕಥೆಯೇ. ದ್ವಾರಕೆಯ ಕಡೆಯಿಂದ ಬರುತ್ತಿದ್ದ ಹಡಗು ಮಲ್ಪೆಯ ಹತ್ತಿರ ಬಿರುಗಾಳಿಗೆ ಸಿಕ್ಕಿತು. ದಡದಲ್ಲಿದ್ದ ಮಧ್ವಾಚಾರ್ಯರು ತಮ್ಮ ಉತ್ತರೀಯವನ್ನು ಬೀಸಿ ಅದನ್ನು ಪಾರುಮಾಡಿದರು. ನಾವಿಕ ಕೃತಜ್ಞತೆಯಿಂದ, ಬೇಕಾದ್ದನ್ನು ಕೇಳಿ ಎಂದಾಗ ಅವರು ಕೇಳಿದ್ದು ಗೋಪೀಚಂದನದ ಹೆಂಟೆ, ಮಣ್ಣು. ಅದರೊಳಗೆ ಕೃಷ್ಣನಿದ್ದ. ಭಕ್ತರು ಇದನ್ನು ಪವಾಡವೆಂದು ಓದುತ್ತಾರೆ, ಓದಲಿ. ನನಗೆ ಇದರ ಅನುಕ್ರಮ ಮುಖ್ಯವಾಗಿ ಕಾಣುತ್ತದೆ. ಆಚಾರ್ಯರು ಮೊದಲು ವಸ್ತ್ರ ಬೀಸಿದರು. ಹಡಗು ಯಾರದು, ಎಲ್ಲಿಯದು, ಒಳಗೇನಿದೆ ಎಂಬ ವಿಚಾರಣೆ ಆಮೇಲೆ. ಉತ್ತರೀಯ ಬೀಸುವ ಮುಂಚೆ 'ನಮ್ಮವರು ಯಾರಾದರೂ ಇದ್ದಾರೇನಪ್ಪ?' ಎಂದು ಕೂಗಿ ಕೇಳಿದ್ದರೆ, ಉತ್ತರ ಬರುವಷ್ಟರಲ್ಲಿ ಹಡಗು ತಳ ಸೇರುತ್ತಿತ್ತು. ಕೃಷ್ಣನೂ ಅದರೊಂದಿಗೆ.

ಇಷ್ಟೆಲ್ಲ ಹೇಳಿದರೂ 'ನಮ್ಮವರು' ಎಂಬ ಮಾತನ್ನು ನಾನು ಹೀಗಳೆಯಲಾರೆ. ೨೦೧೮ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಎಂಬ ಮೀನುಗಾರಿಕೆಯ ಬೋಟು ಏಳು ಜನರೊಡನೆ ಕಾಣೆಯಾಯಿತು. ಅದನ್ನು ಈ ಕರಾವಳಿ ಮರೆತಿಲ್ಲ. ಹುಡುಕಿ, ಹುಡುಕಿ ಎಂದು ಸಾವಿರಾರು ಮೀನುಗಾರರು ಹೆದ್ದಾರಿಗೆ ಇಳಿದರು. ನೌಕಾದಳದವರು ಹುಡುಕಿದರು. ೨೦೧೯ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಬಳಿ, ನೀರಿನ ತಳದಲ್ಲಿ ಬೋಟಿನ ಅವಶೇಷ ಸಿಕ್ಕಿತು. ಆ ಐದು ತಿಂಗಳು ಮನೆಗಳಲ್ಲಿ ಕಾದವರ ಸ್ಥಿತಿಯನ್ನು ಬರೆಯುವ ಶಕ್ತಿ ನನಗಿಲ್ಲ. ಏಳು ಜನರಲ್ಲಿ ಹೆಚ್ಚಿನವರು ಉಡುಪಿಯವರಲ್ಲ, ಉತ್ತರ ಕನ್ನಡದವರು. ಮಲ್ಪೆಯ ಬೀದಿಯಲ್ಲಿ ಕೂಗಿದವರು ಆ ಭೇದವನ್ನು ಮಾಡಲಿಲ್ಲ. ಕಡಲಿಗೆ ಹೋದವರೆಲ್ಲ ಅವರಿಗೆ ನಮ್ಮವರೇ.

ಯಾರಾದರೂ ತಮ್ಮವರೆಂದು ಹಟ ಹಿಡಿದು ನಿಂತರೆ ಮಾತ್ರ ಕಾಣೆಯಾದವರನ್ನು ಲೋಕ ಹುಡುಕುತ್ತದೆ. ಮನುಷ್ಯಕುಲವೆಲ್ಲ ಒಂದು ಎಂದು ಭಾಷಣ ಮಾಡುವವನು ರಾತ್ರಿ ಎದ್ದು ದೋಣಿ ಹತ್ತುವುದು ಅಪರೂಪ, ಹತ್ತುವವನು ನೆರೆಮನೆಯವನು. ಆದ್ದರಿಂದ ದುಃಖ ಹತ್ತಿರದಿಂದಲೇ ಹುಟ್ಟಬೇಕು. ಎಲ್ಲರನ್ನೂ ಸಮನಾಗಿ ಪ್ರೀತಿಸುತ್ತೇನೆಂಬುವನು ಯಾರನ್ನೂ ಪ್ರೀತಿಸದಿರುವ ಸಂಭವವೂ ಉಂಟು. ಆದರೆ ಹುಟ್ಟಿದ ಜಾಗದಲ್ಲಿಯೇ ಉಳಿದ ನದಿ ಕೆರೆಯಾಗುತ್ತದೆ. ಮಲ್ಪೆಯವರ 'ನಮ್ಮವರು' ಎಂಬ ಮಾತು ಜಿಲ್ಲೆಯ ಗಡಿ ದಾಟಿತು. ನಮ್ಮಂಥ ಪೇಟೆಯವರದು ಕಾಂಪೌಂಡು ದಾಟಲು ಯೋಚಿಸುತ್ತದೆ. ಅವರಿಗೆ ಕಡಲಿನ ಭಯ ಗೊತ್ತು; ಆ ಭಯವೇ ಅವರನ್ನು ಒಂದು ಕುಟುಂಬ ಮಾಡಿತು. ಸಾವಿನ ಸುದ್ದಿಯನ್ನು ಕಾಫಿಯೊಡನೆ ಓದುವ ನಮಗೆ ಅದನ್ನು ಪ್ರಯತ್ನಪಟ್ಟು ಕಲಿಯಬೇಕಾಗಿದೆ.

ನನಗೆ ಈಗ ತೋರುವುದು ಇಷ್ಟು. 'ನಮ್ಮವರು ಯಾರಾದರೂ ಇದ್ದರೇ?' ಎಂದು ಕೇಳುವುದು ತಪ್ಪಲ್ಲ. ಉತ್ತರ 'ಇಲ್ಲ' ಎಂದು ಬಂದಾಗ ಪುಸ್ತಕ ಮುಚ್ಚುವುದು ತಪ್ಪು. ಹಾಗೆ ಮುಚ್ಚಿದ್ದರಿಂದಲೇ ತಿಲಾವಾದ ೨೮೦ ಜನ ಎಂಬತ್ತು ವರ್ಷ ಯಾರ ಲೆಕ್ಕಕ್ಕೂ ಸೇರದೆ ಉಳಿದರು. ಬ್ರಿಟಿಷರಿಗೆ ಅವರು ಪ್ರಜೆಗಳು, ತಮ್ಮವರಲ್ಲ. ಜಪಾನಿನವರಿಗೆ ಶತ್ರುವಿನ ಹಡಗಿನವರು. ನಮಗೆ ಶತ್ರುವಿನ ಶತ್ರುವಿನಿಂದ ಸತ್ತವರು. ನೆನೆದರೆ ಕಥೆ ಕೆಡುತ್ತದೆ. ಕಥೆ ಕೆಟ್ಟರೆ ಕೆಡಲಿ. ಕಥೆಯನ್ನು ಅಂದವಾಗಿರಿಸಲು ಸತ್ತವರನ್ನು ಹೊರಗಿಡುವುದಕ್ಕಿಂತ, ಅವರನ್ನು ಒಳಗಿಟ್ಟುಕೊಂಡು ಕಥೆ ತೊಡಕಾಗುವುದೇ ಮೇಲು. ಜಗಲಿಯ ಪಟವನ್ನು ತೆಗೆಯಬೇಕಾಗಿಲ್ಲ. ಅದರ ಮುಂದೆ ದೀಪ ಹಚ್ಚುವಾಗ, ಅದೇ ಕಡಲಿನಲ್ಲಿ ಐದು ತಿಂಗಳ ಹಿಂದೆ ಮುಳುಗಿದವರನ್ನೂ ಒಂದು ಗಳಿಗೆ ನೆನೆದರೆ ಪಟಕ್ಕೆ ಅಪಚಾರವಾಗದು.

ಅಂದು ನಾವು ಎದ್ದಾಗ ಕತ್ತಲಾಗಿತ್ತು. ನೆತ್ತಿಯ ಮೇಲೆ ದೀಪ ಹೊತ್ತಿತ್ತು. ದೂರದಲ್ಲಿ ಎರಡು ಮೂರು ಬೋಟುಗಳ ಬೆಳಕು ಕಾಣುತ್ತಿತ್ತು. ಮಲ್ಪೆಯವೋ ಮಂಗಳೂರಿನವೋ, ಅಲ್ಲಿಂದ ಹೇಳಲಾಗದು. ದೀಪಸ್ತಂಭದ ಬೆಳಕು ಯಾವ ಬೋಟನ್ನೂ ಬಿಡದೆ ಎಲ್ಲದರ ಮೇಲೂ ಒಂದು ಸುತ್ತು ಹಾಯ್ದು ಹೋಗುತ್ತಿತ್ತು.

ಬಸ್ಸಿನ ಕಡೆಗೆ ನಡೆಯುತ್ತ ಗೆಳೆಯರು ಕೇಳಿದರು:

"ಎಷ್ಟು ಅಂದಿರಿ? ಇನ್ನೂರ ಎಂಬತ್ತಾ?"

"ಇನ್ನೂರ ಎಂಬತ್ತು."

"ತಾರೀಕು?"

"ನವೆಂಬರ್ ಇಪ್ಪತ್ತಮೂರು."

ಅವರು ಜೇಬಿನಿಂದ ತಮ್ಮ ಸಣ್ಣ ಪುಸ್ತಕ ತೆಗೆದು, ಬೀದಿದೀಪದ ಕೆಳಗೆ ನಿಂತು ಬರೆದುಕೊಂಡರು.